ಪರದೇಶದಲ್ಲಿ ನಮ್ಮ ಬ್ಯಾಂಕ್ ಕಾರ್ಡು: ಹಣ ಸೋರುವುದು ಎಲ್ಲಿ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಪಾಠ ಹೇಳುವವರಿಗೆ ಬ್ಯಾಂಕಿನ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಉಮ್ರಾಕ್ಕೆ ಹೊರಟ ಹಿರಿಯರು, ಮಗನನ್ನು ಓದಲು ಹೊರದೇಶಕ್ಕೆ ಕಳಿಸುವ ತಂದೆ ತಾಯಂದಿರು ಬ್ಯಾಂಕಿನವರು ಕೊಟ್ಟ ಇಂಗ್ಲಿಷ್ ಕಾಗದವನ್ನು ಹಿಡಿದು ಬರುವುದು ನಮ್ಮಂಥ ಮೇಷ್ಟ್ರುಗಳ ಮನೆಗೇ. ಆ ಕಾಗದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ದೊಡ್ಡ ದನಿಯಲ್ಲಿ ಓದಿ ಹೇಳುವುದಷ್ಟೇ ಇಂದಿನ ನನ್ನ ಕೆಲಸ.

ಹಿಂದೆ ಹಜ್ ಸಮಿತಿಯ ಮೂಲಕ ಹೋಗುವವರ ಕೈಗೆ 2,100 ರಿಯಾಲ್ ನಗದಾಗಿಯೇ ಸಿಗುತ್ತಿತ್ತು. 2023ರ ಹಜ್‌ನಿಂದ ಆ ಪದ್ಧತಿ ಬದಲಾಯಿತು. ಖರ್ಚಿನ ಹಣವನ್ನು ಯಾತ್ರಿಕರು ತಾವೇ ಹೊಂದಿಸಿಕೊಳ್ಳಬೇಕು. ಹಾಗಾಗಿ ಎಂದೂ ಕಾರ್ಡು ಹಿಡಿಯದ ಕೈಗಳಲ್ಲೂ ಈಗ ಕಾರ್ಡು ಬಂದಿದೆ. ಬೀಡಿ ಕಟ್ಟಿ, ಹೊಲಿಗೆ ಹೊಲಿದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದರೊಳಗಿದೆ. ಅದರಲ್ಲಿ ನೂರಕ್ಕೆ ನಾಲ್ಕೈದು ರೂಪಾಯಿ ಯಾರ ಕಣ್ಣಿಗೂ ಬೀಳದೆ ಸೋರಿಹೋಗುತ್ತದೆ ಎಂದರೆ ಅದು ಸಣ್ಣ ಮಾತಲ್ಲ.

ಲೆಕ್ಕಕ್ಕಾಗಿ ಒಂದು ರಿಯಾಲಿಗೆ 24 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿಜವಾದ ದರ ದಿನದಿನಕ್ಕೂ ಬದಲಾಗುತ್ತದೆ. ಮದೀನಾದ ಅಂಗಡಿಯಲ್ಲಿ ನೀವು 1,000 ರಿಯಾಲಿನ ಸಾಮಾನು ಕೊಂಡು ಭಾರತದ ಬ್ಯಾಂಕಿನ ಕಾರ್ಡು ಕೊಟ್ಟಿರಿ. ಖಾತೆಯಿಂದ ಹೋಗಬೇಕಾದ್ದು 24,000 ರೂಪಾಯಿ. ಆದರೆ ನಮ್ಮ ಬಹುತೇಕ ಬ್ಯಾಂಕುಗಳು ವಿದೇಶೀ ನಾಣ್ಯದ ವ್ಯವಹಾರಕ್ಕೆ ‘ಮಾರ್ಕಪ್’ ಎಂಬ ಶುಲ್ಕವನ್ನು ಸೇರಿಸುತ್ತವೆ. ಸಾಮಾನ್ಯವಾಗಿ ಅದು ಶೇಕಡಾ 2ರಿಂದ 3.5. ಮೂರೂವರೆ ಎಂದರೆ 840 ರೂಪಾಯಿ. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ 151 ರೂಪಾಯಿ 20 ಪೈಸೆ. ಒಟ್ಟು 991 ರೂಪಾಯಿ 20 ಪೈಸೆ. ಇದೇ ಖರೀದಿಯನ್ನು ಶೇಕಡಾ 2ರ ಕಾರ್ಡಿನಲ್ಲಿ ಮಾಡಿದ್ದರೆ 566 ರೂಪಾಯಿ 40 ಪೈಸೆ ಆಗುತ್ತಿತ್ತು. ಮಾರ್ಕಪ್ಪೇ ಇಲ್ಲದ ಕಾರ್ಡುಗಳನ್ನೂ ಕೆಲವು ಬ್ಯಾಂಕುಗಳು ಕೊಡುತ್ತವೆ. ಆದ್ದರಿಂದ ಟಿಕೆಟ್ ಕೈಗೆ ಬಂದ ದಿನವೇ ಬ್ಯಾಂಕಿಗೆ ಹೋಗಿ, “ಈ ಕಾರ್ಡಿಗೆ ವಿದೇಶದಲ್ಲಿ ಮಾರ್ಕಪ್ ಎಷ್ಟು, ಎಟಿಎಂ ಶುಲ್ಕ ಎಷ್ಟು?” ಎಂದು ಕೇಳಿ. ಬಾಯಿಮಾತಿಗೆ ತೃಪ್ತರಾಗಬೇಡಿ, ಶುಲ್ಕದ ಪಟ್ಟಿಯನ್ನೇ ತೋರಿಸಲು ಹೇಳಿ. ಪಟ್ಟಿ ಕೇಳುವುದು ಗಿರಾಕಿಯ ಹಕ್ಕು, ಅದರಲ್ಲಿ ಸಂಕೋಚ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಟಿಎಂ ಆಗಲಿ, ಅಂಗಡಿಯವನ ಯಂತ್ರವಾಗಲಿ, ನಿಮ್ಮ ಕಾರ್ಡು ಭಾರತದ್ದು ಎಂದು ಗೊತ್ತಾದ ಕೂಡಲೇ ಒಂದು ಪ್ರಶ್ನೆ ಕೇಳಬಹುದು: ರಿಯಾಲಿನಲ್ಲಿ ಕೊಡುತ್ತೀರೋ, ರೂಪಾಯಿಯಲ್ಲಿ ಕೊಡುತ್ತೀರೋ? ನೋಡಲು ಎಷ್ಟು ಉಪಕಾರದ ಪ್ರಶ್ನೆ! ಪರಿಚಯದ ರೂಪಾಯಿಯನ್ನು ಕಂಡು ನಮ್ಮವರು ಹಿಗ್ಗಿ ಅದನ್ನೇ ಒತ್ತಿಬಿಡುತ್ತಾರೆ. ಆದರೆ ಹಾಗೆ ಒತ್ತಿದಾಗ ರಿಯಾಲಿನ ಬೆಲೆ ಕಟ್ಟುವವರು ಅಂಗಡಿಯ ಅಥವಾ ಎಟಿಎಂನ ಕಡೆಯವರು. ದರದೊಳಗೆ ತಮ್ಮ ಲಾಭವನ್ನೂ ಸೇರಿಸಿಕೊಳ್ಳುತ್ತಾರೆ. ಇದಕ್ಕೆ ‘ಡೈನಮಿಕ್ ಕರೆನ್ಸಿ ಕನ್ವರ್ಷನ್’ ಎಂಬ ಉದ್ದದ ಹೆಸರಿದೆ. ನಮ್ಮ ಉದಾಹರಣೆಯಲ್ಲಿ ಆ ಲಾಭ ಶೇಕಡಾ 5 ಇದ್ದರೆ 24,000ದ ಸಾಮಾನಿಗೆ 25,200 ರೂಪಾಯಿ. ಇಲ್ಲಿಗೂ ಮುಗಿಯಲಿಲ್ಲ. ಪರದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಕೊಟ್ಟರೂ ಕೆಲವು ಭಾರತೀಯ ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಶೇಕಡಾ 1 ಎಂದರೂ ಜಿಎಸ್‌ಟಿ ಸೇರಿ ಸುಮಾರು 297 ರೂಪಾಯಿ. ಹೀಗೆ ಸುಮಾರು 1,497 ರೂಪಾಯಿ ಹೆಚ್ಚಿಗೆ ಹೋಯಿತು. ರಿಯಾಲ್ ಎಂದು ಒತ್ತಿದ್ದರೆ 991ಕ್ಕೆ ಮುಗಿಯುತ್ತಿತ್ತು.

ಹಾಗಾದರೆ ನಿಯಮ ಒಂದೇ: ನೀವು ಯಾವ ನೆಲದ ಮೇಲೆ ನಿಂತಿದ್ದೀರೋ ಆ ನೆಲದ ನಾಣ್ಯವನ್ನೇ ಆರಿಸಿ. ಜಿದ್ದಾದಲ್ಲಿ ರಿಯಾಲ್, ದುಬೈಯಲ್ಲಿ ದಿರ್ಹಮ್, ಲಂಡನ್ನಿನಲ್ಲಿ ಪೌಂಡ್. ಗಲ್ಫಿನಿಂದ ರಜೆಗೆ ಬಂದ ನಮ್ಮ ಹುಡುಗರು ಅಲ್ಲಿನ ಕಾರ್ಡನ್ನು ಇಲ್ಲಿನ ಎಟಿಎಂಗೆ ಹಾಕಿದಾಗಲೂ ಇದೇ ಮಾತು. ದಿರ್ಹಮ್ ಲೆಕ್ಕದಲ್ಲಿ ಕಡಿಯಲೇ ಎಂದು ಯಂತ್ರ ಕೇಳಿದರೆ, ಇಲ್ಲಿ ರೂಪಾಯಿಯನ್ನೇ ಒತ್ತಬೇಕು.

ಕೆಲವು ಕಡೆ ಅಂಗಡಿಯವನು ಕೇಳದೆಯೇ ರೂಪಾಯಿಯನ್ನು ಆರಿಸಿಬಿಡುತ್ತಾನೆ. ಪಿನ್ ಒತ್ತುವ ಮೊದಲು ಪರದೆಯನ್ನು ನೋಡಿ. ‘ಎಸ್‌ಎಆರ್’ ಎಂದಿದ್ದರೆ ಸೌದಿ ರಿಯಾಲ್, ‘ಐಎನ್‌ಆರ್’ ಎಂದಿದ್ದರೆ ಭಾರತದ ರೂಪಾಯಿ. ಐಎನ್‌ಆರ್ ಕಂಡರೆ ರದ್ದು ಮಾಡಿ ಮತ್ತೆ ಮಾಡಲು ಹೇಳಿ. ಉರ್ದು ಓದುವ ವಿದ್ಯಾರ್ಥಿಗಳೇ, ಇಲ್ಲಿ ನಿಮಗೊಂದು ಅನುಕೂಲವಿದೆ. ಅರಬ್ಬಿ ರಸೀದಿಯಲ್ಲಿ ‘ಅಲ್‌ಮಬ್ಲಗ್’ ಎಂದು ಕಂಡರೆ ಅದೇ ಮೊತ್ತ. ಉರ್ದು ರಸೀದಿಯಲ್ಲಿ ಮೊತ್ತದ ಹಿಂದೆ ಬರೆಯುವ ‘ಮಬ್ಲಗ್’ ಅದೇ ಪದ. ನಮ್ಮ ಹಳೆಯ ಕನ್ನಡ ಲೆಕ್ಕಪತ್ರಗಳ ‘ಮೊಬಲಗು’ ಕೂಡ ಅದೇ! ಅಂಕಿಗಳಲ್ಲಿ ಮಾತ್ರ ಜಾಗ್ರತೆ. ನಾಲ್ಕು, ಆರು ಮುಂತಾದವುಗಳ ಅರಬ್ಬಿ ರೂಪ ನಮ್ಮ ಉರ್ದು ಪುಸ್ತಕದ್ದಕ್ಕಿಂತ ಬೇರೆ.

ನಗದಿನ ವಿಷಯ. ವಿದೇಶದ ಎಟಿಎಂನಲ್ಲಿ ಪ್ರತಿ ಸಲ ಹಣ ತೆಗೆದಾಗಲೂ ಮಾರ್ಕಪ್ ಅಲ್ಲದೆ ನಿಗದಿತ ಶುಲ್ಕವೊಂದು ಬೀಳುವುದುಂಟು. ಅದು 150 ರೂಪಾಯಿ ಎಂದರೆ ತೆರಿಗೆ ಸೇರಿ 177. ಐದು ಸಲ ಇನ್ನೂರಿನ್ನೂರು ರಿಯಾಲ್ ತೆಗೆದವರಿಗೆ 885 ರೂಪಾಯಿ, ಒಂದೇ ಸಲ ಸಾವಿರ ತೆಗೆದವರಿಗೆ 177. ಎಟಿಎಂನವರದೇ ಬೇರೆ ಶುಲ್ಕವಿದ್ದರೆ ಪರದೆಯಲ್ಲಿ ತೋರಿಸುತ್ತದೆ. ಒಪ್ಪಿಗೆಯಾಗದಿದ್ದರೆ ಕಾರ್ಡು ವಾಪಸು ತೆಗೆದುಕೊಂಡು ಪಕ್ಕದ ಬ್ಯಾಂಕಿನ ಯಂತ್ರಕ್ಕೆ ಹೋಗಬಹುದು.

ಕ್ರೆಡಿಟ್ ಕಾರ್ಡಿನಿಂದ ಮಾತ್ರ ನಗದು ತೆಗೆಯಲೇಬೇಡಿ. ಸಾಮಾನು ಕೊಂಡರೆ ಬಿಲ್ಲಿನ ಗಡುವಿನೊಳಗೆ ಪೂರ್ತಿ ಕಟ್ಟಿ ಬಡ್ಡಿಯಿಲ್ಲದೆ ಪಾರಾಗಬಹುದು. ನಗದಿಗೆ ಆ ರಿಯಾಯಿತಿ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ ಶುರು, ಜೊತೆಗೆ ನಗದು ಮುಂಗಡದ ಶುಲ್ಕ ಬೇರೆ. ಬಡ್ಡಿಯಿಂದ ದೂರವಿರಬೇಕೆಂದು ಜೀವನಪೂರ್ತಿ ಎಚ್ಚರ ವಹಿಸಿದವರು ಹರಮ್‌ನ ಬೀದಿಯಲ್ಲಿ ನಿಂತು ತಿಳಿಯದೆ ಬಡ್ಡಿ ಕಟ್ಟುವಂತಾಗಬಾರದು.

‘ಫಾರೆಕ್ಸ್ ಕಾರ್ಡು’ ಎಂಬ ಇನ್ನೊಂದು ಬಗೆಯಿದೆ. ಇಲ್ಲಿಯೇ ರೂಪಾಯಿ ಕೊಟ್ಟು ಅದರಲ್ಲಿ ರಿಯಾಲ್ ತುಂಬಿಸಿಕೊಳ್ಳುವುದು. ತುಂಬಿಸಿದ ದಿನದ ದರವೇ ಗಟ್ಟಿ, ಅಲ್ಲಿ ರಿಯಾಲಿನಲ್ಲಿ ಖರ್ಚು ಮಾಡಿದರೆ ಮಾರ್ಕಪ್ ಇಲ್ಲ. ಮುಪ್ಪಿನವರಿಗೆ ಇದು ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕಳೆದುಹೋದರೂ ಮನೆಯ ಉಳಿತಾಯ ಖಾತೆಗೆ ಯಾರೂ ಕೈ ಹಾಕಲಾರರು. ಆದರೆ ಪುಕ್ಕಟೆಯಲ್ಲ. ಬ್ಯಾಂಕಿನ ಲಾಭ ತುಂಬಿಸುವ ದರದಲ್ಲೇ ಅಡಗಿರುತ್ತದೆ. ಎರಡು ಮೂರು ಕಡೆ ದರ ವಿಚಾರಿಸಿ. ದಾರಿಯಲ್ಲಿ ದುಬೈಯಲ್ಲಿ ಇಳಿದು ರಿಯಾಲ್ ಕಾರ್ಡಿನಿಂದ ದಿರ್ಹಮ್ ಕೊಟ್ಟರೆ ಮತ್ತೆ ನಾಣ್ಯ ಬದಲಾವಣೆಯ ಶುಲ್ಕ ಬೀಳುತ್ತದೆ. ಉಳಿದ ರಿಯಾಲನ್ನು ಹಿಂದಿರುಗಿಸುವಾಗ ಕೊಳ್ಳುವ ದರ ಕಡಿಮೆ. ಹಾಗಾಗಿ ಅಂದಾಜು ಮಾಡಿ ಬೇಕಾದಷ್ಟೇ ತುಂಬಿಸಿ. ಸಾಲದೆ ಬಂದರೆ ಮನೆಯವರು ಇಲ್ಲಿಂದ ಮತ್ತೆ ತುಂಬಿಸಲು ಸಾಧ್ಯವೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಓದಲು ಅಥವಾ ಕೆಲಸಕ್ಕೆ ಹೋಗುವವರ ದಾರಿ ಬೇರೆ. ಅವರು ತಲುಪಿದ ಮೇಲೆ ಆದಷ್ಟು ಬೇಗ ಅಲ್ಲಿಯೇ ಖಾತೆ ತೆರೆದು, ಊರಿನ ಕಾರ್ಡನ್ನು ಆಪತ್ತಿಗೆಂದು ಎತ್ತಿಡುವುದು ಲೇಸು. ದಿನದ ಚಹಾ ರೊಟ್ಟಿಗೆಲ್ಲ ಮಾರ್ಕಪ್ ಕಟ್ಟುತ್ತಾ ಕೂರಲಾಗದು.

ಕೊನೆಯದಾಗಿ, ಹೊರಡುವ ಮುನ್ನ ಮರೆಯಬಾರದ ಒಂದು ಕೆಲಸ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್ 1ರ ನಂತರ ಕೊಡುವ ಕಾರ್ಡುಗಳು ಮೊದಲಿಗೆ ಭಾರತದೊಳಗಿನ ಎಟಿಎಂ ಮತ್ತು ಅಂಗಡಿಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶದ ಬಳಕೆಯನ್ನು ನಾವೇ ತೆರೆಯಬೇಕು. ಮೊಬೈಲ್ ಆ್ಯಪ್, ಎಟಿಎಂ ಅಥವಾ ಶಾಖೆಯಲ್ಲಿ ಮಾಡಿಸಬಹುದು, ಮಿತಿಯನ್ನೂ ಅಲ್ಲೇ ಕಟ್ಟಬಹುದು. ವಿದ್ಯಾರ್ಥಿಗಳೇ, ಮನೆಯಲ್ಲಿ ಅಜ್ಜಿಯೋ ತಾತನೋ ಹೊರಟಿದ್ದರೆ ಈ ಕೆಲಸ ನೀವೇ ಮಾಡಿಕೊಡಿ. ಎಸ್‌ಎಆರ್ ಎಂಬ ಮೂರು ಅಕ್ಷರಗಳನ್ನು ಚೀಟಿಯಲ್ಲಿ ದಪ್ಪಗೆ ಬರೆದು ಕಾರ್ಡಿನ ಜೊತೆ ಇಡಿ. ಪಿನ್ ಮಾತ್ರ ಆ ಚೀಟಿಯಲ್ಲಿ ಬರೆಯಬೇಡಿ. ಅವರು ವಾಪಸು ಬಂದ ದಿನ ವಿದೇಶದ ಬಳಕೆಯನ್ನು ಮತ್ತೆ ಮುಚ್ಚಿ, ಅವರು ತಂದ ರಸೀದಿಗಳನ್ನು ಪಾಸ್‌ಬುಕ್ಕಿನ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಿ.