ಐದು ಹೆಣ್ಣುಮಕ್ಕಳು ಮತ್ತು ಕುಲದ ನಾಯಕರು

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆ ಕೆಲಸ, ಹೊಲದ ಕೆಲಸ ಬದಿಗಿಟ್ಟು ಬಂದಿದ್ದೀರಿ, ಬಹಳ ಸಂತೋಷ. ಇವತ್ತಿನ ವಿಷಯ ನಾಯಕತ್ವ. ನಾಯಕತ್ವ ಅಂದ ಕೂಡಲೇ ಮೈಕು, ಹಾರ, ಕುರ್ಚಿ ಕಣ್ಣ ಮುಂದೆ ಬರುತ್ತವೆ. ಅದನ್ನು ಸ್ವಲ್ಪ ಬಿಟ್ಟು, ಬೈಬಲಿನ ಒಂದು ಹಳೆಯ ಸಂಗತಿಯನ್ನು ನೋಡೋಣ. ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದವರೂ ಇದ್ದೀರಿ. ಈ ಸಂಗತಿಯಲ್ಲಿ ಎಲ್ಲರಿಗೂ ಪಾಠವಿದೆ.

ಆ ಕಾಲದಲ್ಲಿ ಇಸ್ರಯೇಲ್ ಜನರಿಗೆ ರಾಜನಿರಲಿಲ್ಲ. ಅವರು ಹನ್ನೆರಡು ಕುಲಗಳಾಗಿ ಬಾಳುತ್ತಿದ್ದರು. ಪ್ರತಿ ಕುಲಕ್ಕೂ ಮುಖಂಡರು, ಕುಲದೊಳಗೆ ಗೋತ್ರಗಳು, ಗೋತ್ರದೊಳಗೆ ಮನೆತನಗಳು. ಎಲ್ಲರಿಗೂ ಹಿರಿಯನಾಗಿ ಮೋಶೆ ಇದ್ದ. ಮೊದಮೊದಲು ಎಲ್ಲರ ವ್ಯಾಜ್ಯವನ್ನೂ ಅವನೊಬ್ಬನೇ ಬೆಳಗಿನಿಂದ ಸಂಜೆವರೆಗೆ ಕೇಳುತ್ತಿದ್ದ. ಅದನ್ನು ನೋಡಿದ ಅವನ ಮಾವ ಇತ್ರೋ, ಹೀಗಾದರೆ ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಎಂದು ಬುದ್ಧಿ ಹೇಳಿದ. ಅವನ ಸಲಹೆಯಂತೆ 1000, 100, 50, 10 ಜನರಿಗೆ ಒಬ್ಬೊಬ್ಬ ನಾಯಕರು ನೇಮಕವಾದರು. ದೇವರಿಗೆ ಅಂಜುವವರು, ಲಂಚ ಮುಟ್ಟದವರು ಮಾತ್ರ ಆಗಬೇಕಿತ್ತು. ಸಣ್ಣ ವಿಷಯ ಅವರು ತೀರಿಸುವುದು, ಬಿಡಿಸಲಾಗದ ವಿಷಯ ಮೋಶೆಯ ಬಳಿಗೆ ತರುವುದು. ಇದು ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿದೆ.

ಈಗ ಸಂಖ್ಯಾಕಾಂಡಕ್ಕೆ ಬರೋಣ. ನಲವತ್ತು ವರ್ಷ ಅರಣ್ಯದಲ್ಲಿ ಅಲೆದ ಜನ ಜೋರ್ಡನ್ ನದಿಯ ದಡಕ್ಕೆ ಬಂದಿದ್ದಾರೆ. ಆಚೆ ದಡದಲ್ಲಿ ಭೂಮಿ ಹಂಚಬೇಕು. ಅದಕ್ಕಾಗಿ ಜನಗಣತಿ ನಡೆಯಿತು. ಇಪ್ಪತ್ತು ವರ್ಷ ದಾಟಿದ ಗಂಡಸರ ಲೆಕ್ಕ ಮಾತ್ರ. ಒಟ್ಟು 6,01,730 ಎಂದು ಬರೆದಿದೆ. ಈ ಪಟ್ಟಿಯ ಪ್ರಕಾರವೇ ಭೂಮಿ. ಆದರೆ ಮನಸ್ಸೆ ಕುಲದ ಚಲ್ಪಹಾದ ಎಂಬುವನು ತೀರಿಹೋಗಿದ್ದ. ಅವನಿಗೆ ಗಂಡುಮಕ್ಕಳಿರಲಿಲ್ಲ. ಐದು ಜನ ಹೆಣ್ಣುಮಕ್ಕಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅಂದರೆ ಆ ಮನೆಗೆ ಒಂದು ತುಂಡು ಭೂಮಿಯೂ ಇಲ್ಲ!

ಈ ಐವರು ಏನು ಮಾಡಿದರು? ಒಬ್ಬರನ್ನು ಮುಂದೆ ತಳ್ಳಿ ಉಳಿದವರು ಹಿಂದೆ ನಿಲ್ಲಲಿಲ್ಲ. ಐವರೂ ಒಟ್ಟಿಗೆ ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ಮೋಶೆ, ಯಾಜಕ ಎಲ್ಲಾಜಾರ, ಕುಲನಾಯಕರು, ಇಡೀ ಸಭೆಯ ಮುಂದೆ ನಿಂತರು. ಬರೀ ಅತ್ತು ಹೋಗಲಿಲ್ಲ, ವಿಷಯವನ್ನು ತಯಾರಿ ಮಾಡಿಕೊಂಡು ಬಂದಿದ್ದರು. ತಂದೆ ಅರಣ್ಯದಲ್ಲಿ ತೀರಿಕೊಂಡರು, ಕೋರಹನ ದಂಗೆಯಲ್ಲಿ ಅವರು ಸೇರಿರಲಿಲ್ಲ, ಗಂಡುಮಗ ಇಲ್ಲವೆಂಬ ಒಂದೇ ಕಾರಣಕ್ಕೆ ಅವರ ಹೆಸರು ಯಾಕೆ ಅಳಿಯಬೇಕು, ದೊಡ್ಡಪ್ಪ ಚಿಕ್ಕಪ್ಪಂದಿರ ಜೊತೆ ನಮಗೂ ಪಾಲು ಕೊಡಿ ಎಂದು ಕೇಳಿದರು.

ಇಲ್ಲಿ ಮೋಶೆಯನ್ನು ಗಮನಿಸಿ. ಪಟ್ಟಿ ಮುಗಿದಿದೆ, ಪದ್ಧತಿ ಇರುವುದೇ ಹೀಗೆ, ಹೋಗಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತನಗೆ ಎಲ್ಲಾ ಗೊತ್ತು ಎಂದೂ ತೋರಿಸಿಕೊಳ್ಳಲಿಲ್ಲ. ವಿಷಯವನ್ನು ದೇವರ ಸನ್ನಿಧಿಗೆ ಒಯ್ದ. ಆ ಹೆಣ್ಣುಮಕ್ಕಳ ಮಾತು ನ್ಯಾಯವಾದದ್ದು, ಅವರಿಗೆ ಪಾಲು ಕೊಡಬೇಕು ಎಂಬ ಉತ್ತರ ಬಂತು. ಮಗನಿಲ್ಲದಿದ್ದರೆ ಮಗಳಿಗೆ ಆಸ್ತಿ ಎಂಬುದು ಇಡೀ ಜನಾಂಗಕ್ಕೆ ಕಾನೂನಾಯಿತು. ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ನೋಡಿ, ಪಟ್ಟಿಯನ್ನು ಮತ್ತೆ ತೆರೆಯುವವರೇ ನಿಜವಾದ ನಾಯಕರು.

ಎಲ್ಲವೂ ಸುಲಭವಾಗಿ ಮುಗಿಯಲಿಲ್ಲ. ಅದೇ ಕುಲದ ಹಿರಿಯರು ತಕರಾರು ತಂದರು. ಇವರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನಮ್ಮ ಭೂಮಿಯೂ ಹೋಗುತ್ತದಲ್ಲ ಎಂದರು. ಆಗ, ಇಷ್ಟಪಟ್ಟವರನ್ನು ಮದುವೆಯಾಗಲಿ, ಆದರೆ ತಂದೆಯ ಕುಲದೊಳಗೆ ಆಗಲಿ ಎಂಬ ನಿಯಮ ಬಂತು. ಇದು ಪೂರ್ತಿ ಸಮಾನತೆಯಲ್ಲ. ಅಣ್ಣತಮ್ಮಂದಿರು ಇದ್ದ ಹೆಣ್ಣುಮಕ್ಕಳಿಗೆ ಈ ಕಾನೂನು ಏನೂ ಕೊಡಲಿಲ್ಲ. ಆದರೂ ಮುಚ್ಚಿದ್ದ ಬಾಗಿಲು ಸ್ವಲ್ಪ ತೆರೆಯಿತು.

ಇನ್ನೊಂದು ಮಾತು ನಮಗೆ ಬಹಳ ಮುಖ್ಯ. ಮೋಶೆ ತೀರಿಹೋದ. ಭೂಮಿ ಹಂಚುವ ಹೊತ್ತಿಗೆ ಯೆಹೋಶುವ ನಾಯಕ. ಯೆಹೋಶುವನ ಗ್ರಂಥದ 17ನೇ ಅಧ್ಯಾಯ ನೋಡಿ: ಈ ಹೆಣ್ಣುಮಕ್ಕಳು ಮತ್ತೆ ಬಂದು, ಹಿಂದೆ ಹೀಗೆ ಆಜ್ಞೆಯಾಗಿದೆ ಎಂದು ನೆನಪಿಸಬೇಕಾಯಿತು. ಆಮೇಲೆಯೇ ಪಾಲು ಸಿಕ್ಕಿತು. ಆದೇಶ ಬಂದರೆ ಸಾಲದು, ಖಾತೆ ಆಗುವ ತನಕ ಬೆನ್ನು ಹತ್ತಬೇಕು ಎಂಬುದು ಅಂದಿಗೂ ಸತ್ಯ, ಇಂದಿಗೂ ಸತ್ಯ.

ಅವರ ಹೆಸರು ಉಳಿಯಿತೇ? 1910ರಲ್ಲಿ ಸಮಾರಿಯ ಎಂಬ ಹಳೇ ಪಟ್ಟಣದಲ್ಲಿ ನೆಲ ಅಗೆದಾಗ, ಮಡಕೆ ಚೂರುಗಳ ಮೇಲೆ ಬರೆದ ದ್ರಾಕ್ಷಾರಸ, ಎಣ್ಣೆಯ ಲೆಕ್ಕಗಳು ಸಿಕ್ಕವು. ಅವು ಕ್ರಿಸ್ತಪೂರ್ವ 8ನೇ ಶತಮಾನದವು. ಅದರಲ್ಲಿ ಬರುವ ಸೀಮೆಗಳ ಹೆಸರುಗಳಲ್ಲಿ ನೋವಾ, ಹೊಗ್ಲಾ ಎಂಬ ಎರಡು ಹೆಸರುಗಳಿವೆ!

ಸಹೋದರಿಯರೇ, ಈಗ ನಮ್ಮ ಕಡೆ ನೋಡೋಣ. ಅರಿಶಿನ-ಕುಂಕುಮಕ್ಕೆ ಅಂತ ಒಂದು ಸೀರೆ, ಸ್ವಲ್ಪ ಹಣ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮಗೆಲ್ಲ ಗೊತ್ತಿದೆ. ತವರು ತಪ್ಪಿಹೋದೀತು ಎಂಬ ಭಯದಿಂದ ಓದದೆಯೇ ಸಹಿ ಹಾಕುತ್ತೇವೆ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಕರ್ನಾಟಕ 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕ್ರೈಸ್ತರಲ್ಲಿ ಉಯಿಲು ಇಲ್ಲದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮಗ, ಮಗಳು ಇಬ್ಬರಿಗೂ ಸಮಪಾಲು. ಕೇರಳದ ಹಳೇ ತಿರುವಾಂಕೂರು ಸೀಮೆಯಲ್ಲಿ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು ಎಂದಿತ್ತು. ಮೇರಿ ರಾಯ್ ಎಂಬ ಮಹಿಳೆ ಹೋರಾಡಿ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಮುಸ್ಲಿಂ ಕಾನೂನಿನಲ್ಲೂ ಮಗಳಿಗೆ ಗೊತ್ತಾದ ಪಾಲಿದೆ.

ಅಣ್ಣತಮ್ಮಂದಿರ ಮೇಲೆ ಜಗಳಕ್ಕೆ ಹೋಗಿ ಎಂದು ನಾವು ಹೇಳುತ್ತಿಲ್ಲ. ಬಿಟ್ಟುಕೊಡಬೇಕೆಂದರೆ ತಿಳಿದು, ಮನಸಾರೆ ಬಿಟ್ಟುಕೊಡಿ. ಆದರೆ ಓದದೆ, ಓದಿಸಿ ಕೇಳದೆ ಸಹಿ ಹಾಕಬೇಡಿ. ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ, ಆದಾಯದ ಮಿತಿಯಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಒಬ್ಬಳೇ ಹೋಗಲು ಅಂಜಿಕೆಯಾದರೆ ಸಂಘದ ನಾಲ್ಕು ಜನ ಜೊತೆಗೆ ಹೋಗಿ.

ಪ್ರತಿನಿಧಿಗಳಿಗೆ ಒಂದು ಕೆಲಸ ಕೊಡುತ್ತೇವೆ. ಮುಂದಿನ ವಾರದ ಸಭೆಯಲ್ಲಿ ನಡವಳಿ ಪುಸ್ತಕ ತೆರೆದು ನೋಡಿ. ವರ್ಷವಿಡೀ ಸಾಲ ಕೇಳದವಳು ಯಾರು, ಮಾತೇ ಆಡದವಳು ಯಾರು, ಕಂತು ಕಟ್ಟಲಾರದೆ ಸಂಘ ಬಿಟ್ಟವಳು ಯಾರು? ಅವಳ ಮನೆಗೆ ಹೋಗಿ. ಅವಳು ಕೇಳುವುದು ನಿಯಮದಲ್ಲಿ ಇಲ್ಲದಿದ್ದರೆ, ಇಲ್ಲ ಎನ್ನುವ ಮುಂಚೆ ಎಲ್ಲರೂ ಕೂತು ಪ್ರಾರ್ಥನೆ ಮಾಡಿ, ಅದು ನ್ಯಾಯವೇ ಎಂದು ಯೋಚಿಸಿ. ಮೋಶೆ ಮಾಡಿದ್ದು ಅಷ್ಟೇ.

ದೇವರು ನಿಮ್ಮನ್ನೂ ನಿಮ್ಮ ಹೆಣ್ಣುಮಕ್ಕಳನ್ನೂ ಆಶೀರ್ವದಿಸಲಿ.