'ಗೊತ್ತು' ಎನಿಸುವುದೆಲ್ಲ ನೆನಪಲ್ಲ



ನಮ್ಮ ಹಾಗಲವಾಡಿಗೆ ಮೊದಲ ಸಲ ಬಂದವರಿಗೂ 'ಈ ಬೀದಿಯನ್ನು ಎಲ್ಲೋ ನೋಡಿದ್ದೇನೆ' ಎನಿಸಬಹುದು. ಅದು ಬರೀ ಭ್ರಮೆಯೆಂದು ಕ್ಷಣದಲ್ಲೇ ಅವರಿಗೆ ತಿಳಿಯುತ್ತದೆ. ಹಾಗೆ ತಿಳಿಯದೇ ಹೋದರೆ?

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಕ್ರಿಸ್ ಮೌಲಿನ್ ಮತ್ತು ಸಂಗಡಿಗರು 2005ರಲ್ಲಿ ಇಂಥ ಇಬ್ಬರು ರೋಗಿಗಳ ಬಗ್ಗೆ ಬರೆದರು. ಅವರಲ್ಲೊಬ್ಬ ವೃದ್ಧರು ಪತ್ರಿಕೆ, ಟಿ.ವಿ. ಎರಡನ್ನೂ ಬಿಟ್ಟಿದ್ದರು. ಎಲ್ಲವನ್ನೂ ಮೊದಲೇ ಓದಿದ್ದೇನೆ, ನೋಡಿದ್ದೇನೆ ಎನ್ನುತ್ತಿದ್ದರು. ಅದು ಸುಳ್ಳಲ್ಲ, ಹಟವಲ್ಲ, ಕಾಯಿಲೆ. ಪರಿಚಯದ ಭಾವನೆ ಬೇರೆ, ನಡೆದದ್ದರ ನೆನಪು ಬೇರೆ.

ಮನೆಯ ಹಿರಿಯರು ಪದೇ ಪದೇ ಹೀಗೆ ಹೇಳತೊಡಗಿದರೆ ಗದರಬೇಡಿ, ವಾದಕ್ಕಿಳಿಯಬೇಡಿ. ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮರೆವಿನ ಕಾಯಿಲೆಗಳಿಗೆ ತಪಾಸಣೆ, ಚಿಕಿತ್ಸೆ ಇದೆ.

ವಿದ್ಯಾರ್ಥಿಗಳೇ, ಆರೋಗ್ಯವಂತರನ್ನೂ ಈ ಭಾವನೆ ಮೋಸಗೊಳಿಸುತ್ತದೆ. ನಾಲ್ಕು ಸಲ ಓದಿದ ಪುಟ ಕಂಡಾಗ 'ಇದು ನನಗೆ ಬರುತ್ತದೆ' ಎಂದುಕೊಳ್ಳುತ್ತೀರಿ. ಪರೀಕ್ಷೆಯಲ್ಲಿ ಪೆನ್ನು ಮುಂದೆ ಸಾಗುವುದಿಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೋಡದೆ ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು.

ಇಂದು ರಾತ್ರಿಯೇ ಪುಸ್ತಕ ಮುಚ್ಚಿ ಒಂದು ಪುಟ ಬರೆದು ನೋಡಿ. ಎಷ್ಟು ಗೊತ್ತಿದೆಯೆಂದು ಆಗ ತಿಳಿಯುತ್ತದೆ.