ಶೇಂಗಾ ಮಾರಿದ ಸೈನಿಕ

ಆರ್ಥರ್ ಜಾರ್ಜ್ ಗ್ಯಾಸ್ಟನ್ ಹುಟ್ಟಿದ್ದು 1892ರ ಜುಲೈ 4ರಂದು, ಅಮೆರಿಕದ ಅಲಬಾಮ ರಾಜ್ಯದ ಡೆಮೊಪೊಲಿಸ್ ಎಂಬ ಊರಿನಲ್ಲಿ. ಅಜ್ಜ ಅಜ್ಜಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಅವರು ಮರದ ದಿಮ್ಮಿಯಲ್ಲಿ ಕಟ್ಟಿಕೊಂಡ ಮನೆಯಲ್ಲೇ ಮೊಮ್ಮಗನೂ ಹುಟ್ಟಿದ. ಅಂಗಳದಲ್ಲೊಂದು ಜೋಕಾಲಿ ಇತ್ತು. ಜೀಕಲು ಬರುವ ಓಣಿಯ ಮಕ್ಕಳಿಂದ ಹುಡುಗ ಗ್ಯಾಸ್ಟನ್ ಒಂದು ಗುಂಡಿಯನ್ನೋ ಗುಂಡುಸೂಜಿಯನ್ನೋ ಇಸಿದುಕೊಳ್ಳುತ್ತಿದ್ದ. ಅವನ ಮೊದಲ ವ್ಯಾಪಾರ ಅದು.

ಮೊದಲ ಮಹಾಯುದ್ಧದಲ್ಲಿ ಅವರು ಸೈನಿಕರಾಗಿ ಫ್ರಾನ್ಸಿಗೆ ಹೋದರು. ಕಪ್ಪು ಜನರನ್ನು ಬಿಳಿಯರ ಜೊತೆ ಸೇರಿಸದೆ ಬೇರೆ ಪಡೆಗಳಲ್ಲಿ ಇಟ್ಟಿದ್ದ ಸೈನ್ಯ ಅದು. ದೇಶಕ್ಕಾಗಿ ದುಡಿದು ಮರಳಿದವರಿಗೆ ಸಿಕ್ಕಿದ್ದು ಬರ್ಮಿಂಗ್‌ಹ್ಯಾಮ್ ನಗರದ ಹತ್ತಿರ ಕಬ್ಬಿಣ ಮತ್ತು ಕಲ್ಲಿದ್ದಲಿನ ಕಂಪನಿಯೊಂದರ ಕೂಲಿ. ತಾಯಿ ಒಳ್ಳೆಯ ಅಡುಗೆಯವರು. ಅವರು ಕಟ್ಟಿಕೊಡುವ ಬುತ್ತಿಯ ರುಚಿಗೆ ಜೊತೆಯ ಕಾರ್ಮಿಕರು ಆಸೆಪಟ್ಟರು. ಮಗ ಬುತ್ತಿ ಮಾರತೊಡಗಿದರು. ಹಿಂದೆಯೇ ಪಾಪ್‌ಕಾರ್ನ್ ಬಂತು, ಶೇಂಗಾ ಬಂತು. ಎಣ್ಣೆ ಗಿರಣಿಗಳಿಂದಲೇ ಎಣ್ಣೆ ನಗರವೆನಿಸಿಕೊಂಡ ಚಳ್ಳಕೆರೆಯವರಿಗೆ ಶೇಂಗಾ ಒಂದು ಮನೆತನವನ್ನು ಎತ್ತಬಲ್ಲದು, ಮಳೆ ಕೈಕೊಟ್ಟರೆ ಕೆಡವಲೂಬಲ್ಲದು ಎಂದು ಬಿಡಿಸಿ ಹೇಳಬೇಕಿಲ್ಲ. ಗ್ಯಾಸ್ಟನ್ ಕೈಯಲ್ಲಿ ಕಾಸು ಕೂಡಿತು. ಸಂಬಳ ಮುಗಿದವರಿಗೆ ಅದನ್ನು ಸಾಲ ಕೊಟ್ಟು ಡಾಲರಿಗೆ 25 ಸೆಂಟ್ ಬಡ್ಡಿ ತೆಗೆದುಕೊಂಡರು. ಅವರ ಬದುಕಿನಲ್ಲಿ ಮೆಚ್ಚಲಾಗದ ಪುಟವಿದು. ಅಂಥ ಬಡ್ಡಿಯ ಭಾರ ಬಯಲುಸೀಮೆಯ ರೈತರಿಗೂ ಗೊತ್ತು.

ಕಾರ್ಮಿಕರಲ್ಲಿ ಯಾರಾದರೂ ಸತ್ತರೆ ಮಣ್ಣು ಮಾಡಲು ಚಂದಾ ಎತ್ತಬೇಕಾಗುತ್ತಿತ್ತು. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಾಗಲಿ, ಬರ್ಮಿಂಗ್‌ಹ್ಯಾಮ್‌ನ ಗಣಿ ಕಾರ್ಮಿಕರ ಮನೆಯಲ್ಲಾಗಲಿ, ಸಾವಾದ ದಿನ ದುಡಿಮೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಆ ಕಷ್ಟವನ್ನು ಹತ್ತಿರದಿಂದ ಕಂಡ ಗ್ಯಾಸ್ಟನ್ 1923ರಲ್ಲಿ ಶವಸಂಸ್ಕಾರದ ಸಂಘವೊಂದನ್ನು ಕಟ್ಟಿದರು. ಬದುಕಿರುವಾಗ ಸ್ವಲ್ಪ ಸ್ವಲ್ಪವೇ ವಂತಿಗೆ ಕಟ್ಟಿದವರಿಗೆ ಸತ್ತಾಗ ಮರ್ಯಾದೆಯ ಮಣ್ಣು ಖಾತ್ರಿ. ಸಂಘಕ್ಕೆ ಇಟ್ಟದ್ದು ತಾವು ಗುರುವೆಂದು ಗೌರವಿಸುತ್ತಿದ್ದ ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್ ಹೆಸರು. 1932ರಲ್ಲಿ ಅದೇ ವಿಮಾ ಕಂಪನಿಯಾಯಿತು. ಮುಂದೆ ವಾಣಿಜ್ಯ ಶಾಲೆ, ಕಪ್ಪು ಜನರಿಗೆ ಮನೆಸಾಲ ಕೊಡುವ ಬ್ಯಾಂಕು ಬಂದವು. ಬಿಳಿಯರ ಹೋಟೆಲುಗಳಲ್ಲಿ ಕಪ್ಪು ಪ್ರಯಾಣಿಕರಿಗೆ ಕೋಣೆ ಸಿಗದಿದ್ದ ಊರಿನಲ್ಲಿ 1954ರಲ್ಲಿ ಒಂದು ವಸತಿಗೃಹವನ್ನೂ ತೆರೆದರು.

1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವರ್ಣಭೇದದ ವಿರುದ್ಧದ ಬರ್ಮಿಂಗ್‌ಹ್ಯಾಮ್ ಚಳವಳಿಯನ್ನು ರೂಪಿಸಿದ್ದು ಆ ವಸತಿಗೃಹದ 30ನೇ ಕೋಣೆಯಲ್ಲಿ. ಗ್ಯಾಸ್ಟನ್ ಅವರಿಗೆ ಬೀದಿ ಹೋರಾಟಕ್ಕಿಂತ ಮಾತುಕತೆಯಲ್ಲಿ ನಂಬಿಕೆ. ಶಾಲಾ ಮಕ್ಕಳು ಮೆರವಣಿಗೆಗೆ ಇಳಿಯುವುದು ಅವರಿಗೆ ಸರಿಬರಲಿಲ್ಲ. ಬಿಳಿಯರಿಗೆ ತಗ್ಗಿ ನಡೆಯುವವರೆಂದು ಕೆಲವರು ಹಳಿದರು. ಮೇ ತಿಂಗಳ ಮೊದಲ ವಾರ ಅವರು ತಮ್ಮ ಕಚೇರಿಯಿಂದ ಡೇವಿಡ್ ವ್ಯಾನ್ ಎಂಬ ಬಿಳಿಯ ವಕೀಲರ ಜೊತೆ ಫೋನಿನಲ್ಲಿ ಈ ಚಳವಳಿಯ ಬಗ್ಗೆಯೇ ಅಸಮಾಧಾನದಿಂದ ಮಾತಾಡುತ್ತಿದ್ದರು. ಕಿಟಕಿಯಾಚೆ ಅಗ್ನಿಶಾಮಕದವರ ಪೈಪಿನಿಂದ ನುಗ್ಗಿದ ನೀರು ಒಬ್ಬ ಪುಟ್ಟ ಹುಡುಗಿಯನ್ನು ನಡುಬೀದಿಯಲ್ಲಿ ಉರುಳಿಸಿಕೊಂಡು ಹೋಗುತ್ತಿತ್ತು. ಕಂಡದ್ದನ್ನು ವಕೀಲರಿಗೆ ಹೇಳಿ, ಇನ್ನು ಮಾತಾಡಲಾಗದೆಂದು ಫೋನ್ ಕೆಳಗಿಟ್ಟರು. ಎಪ್ಪತ್ತರ ಹಿರಿಯರ ನಿಲುವು ಬದಲಾದ ಗಳಿಗೆ ಅದು. ಮೇ 11ರ ರಾತ್ರಿ ಆ ವಸತಿಗೃಹಕ್ಕೇ ಬಾಂಬ್ ಬಿತ್ತು, ಸೆಪ್ಟೆಂಬರಿನಲ್ಲಿ ಅವರ ಮನೆಯ ಮೇಲೂ ದಾಳಿಯಾಯಿತು. ಊರು ಬಿಟ್ಟು ಹೋಗುವಷ್ಟು ಹಣ ಅವರಲ್ಲಿತ್ತು; ಹೋಗಲಿಲ್ಲ.

1987ರಲ್ಲಿ ಗ್ಯಾಸ್ಟನ್ ತಮ್ಮ ವಿಮಾ ಕಂಪನಿಯನ್ನು ಅದರ ಬೆಲೆಯ ಸಣ್ಣದೊಂದು ಪಾಲಿಗೆ ಅಲ್ಲಿ ದುಡಿಯುತ್ತಿದ್ದ ನೌಕರರಿಗೇ ಮಾರಿದರು. 1996ರ ಜನವರಿ 19ರಂದು ತೀರಿಕೊಂಡಾಗ ಅವರಿಗೆ 103 ವರ್ಷ. ಕಿಂಗ್ ಉಳಿದಿದ್ದ ವಸತಿಗೃಹ 2017ರಿಂದ ಅಮೆರಿಕದ ರಾಷ್ಟ್ರೀಯ ಸ್ಮಾರಕದ ಭಾಗವಾಗಿದೆ.